ಕುದಿಯುವ ರೇಡಿಯೇಟರು: ಮುಚ್ಚಳಕ್ಕೆ ಕೈ ಹಾಕುವ ಮುನ್ನ

ಜನವರಿ ತಿಂಗಳು ಬಂತೆಂದರೆ ಬ್ಯಾಡಗಿಯ ಕಡೆಗೆ ಸಾಗುವ ದಾರಿಗಳಲ್ಲೆಲ್ಲ ಮೆಣಸಿನಕಾಯಿ ಚೀಲ ಹೇರಿದ ವಾಹನಗಳೇ ಕಾಣುತ್ತವೆ. ಸೋಮವಾರ ಹಾಗೂ ಗುರುವಾರದ ಮಾರಾಟಕ್ಕೆ ಮಾಲು ಮುಟ್ಟಿಸಬೇಕೆಂಬ ಆತುರದಲ್ಲಿ ಟ್ರ್ಯಾಕ್ಟರು, ಟೆಂಪೋ, ಸಣ್ಣ ಸಾಮಾನು ಗಾಡಿಗಳು ಮಾರುಕಟ್ಟೆಯ ಹೊರಗೆ ಸಾಲುಗಟ್ಟುತ್ತವೆ. ಬಿಸಿಲು ಏರುತ್ತಿರುತ್ತದೆ. ಸಾಲು ಹತ್ತು ಮಾರು ಮುಂದೆ ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ಎಂಜಿನ್ನು ಮಾತ್ರ ನಿಲ್ಲದೆ ಓಡುತ್ತಲೇ ಇರುತ್ತದೆ. ಇಂತಹ ಹೊತ್ತಿನಲ್ಲಿ ಯಾವುದೋ ಒಂದು ಗಾಡಿಯ ಮೂತಿಯಿಂದ ಬುಸುಬುಸು ಹಬೆ ಏಳುವುದನ್ನು ಕದರಮಂಡಲಗಿ, ಮೋಟೆಬೆನ್ನೂರು, ಕಾಗಿನೆಲೆ ಕಡೆಯ ರೈತರು ನೋಡಿಯೇ ಇರುತ್ತಾರೆ.

ಹಬ್ಬದ ದಿನಗಳಲ್ಲಿ ಇದೇ ನೋಟ ಕಾರುಗಳಲ್ಲಿ ಕಾಣುತ್ತದೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸುವ ರೂಢಿ ನಮ್ಮ ಭಾಗದಲ್ಲಿದೆ. ಐವರು ಕೂರುವ ಕಾರಿನಲ್ಲಿ ಎಂಟು ಜನ ಕುಳಿತು, ಮೇಲೆ ಬುತ್ತಿಯ ಗಂಟು ಕಟ್ಟಿಕೊಂಡು, ಒಳಗೆ ತಂಪು ಗಾಳಿಯ ಯಂತ್ರ ಹಾಕಿಕೊಂಡು ಮೂರು ಊರು ಸುತ್ತುವಾಗ ಎಂಜಿನ್ನಿನ ಮೇಲೆ ಬೀಳುವ ಭಾರ ಟ್ರ್ಯಾಕ್ಟರು ಹೇರು ಎಳೆಯುವಾಗಿನ ಭಾರಕ್ಕೇನೂ ಕಡಿಮೆಯಲ್ಲ.

ಹಬೆ ಕಂಡೊಡನೆ ಚಾಲಕನು ಮಾಡುವುದೇನು? ಕೆಳಗಿಳಿದು ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸುತ್ತಾನೆ. ಮರುಕ್ಷಣವೇ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಮುಖ, ಸುಟ್ಟ ಕೈಗಳಿಂದ ಆಸ್ಪತ್ರೆ ಸೇರಿದವರಿದ್ದಾರೆ, ಕಣ್ಣಿಗೆ ಪೆಟ್ಟು ಮಾಡಿಕೊಂಡವರೂ ಇದ್ದಾರೆ. ಎಂಜಿನ್ನು ಕೆಟ್ಟರೆ ಸಾಲ ಮಾಡಿಯಾದರೂ ದುರಸ್ತಿ ಮಾಡಿಸಬಹುದು, ಕಣ್ಣಿಗೆ ಬಿಡಿಭಾಗ ಸಿಗುವುದಿಲ್ಲ. ಆದುದರಿಂದ ಎಂಜಿನ್ನು ಹೇಗೆ ತಣಿಯುತ್ತದೆ, ನೀರು ಏಕೆ ಕುದಿಯುತ್ತದೆ, ಕುದಿಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ವಾಹನ ಇಟ್ಟುಕೊಂಡ ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ. ಕಾರು, ಟ್ರ್ಯಾಕ್ಟರು, ಟೆಂಪೋ ಯಾವುದೇ ಇರಲಿ, ಮೂಲ ತತ್ವ ಒಂದೇ.

ಶಾಖ ಎಲ್ಲಿಂದ ಬರುತ್ತದೆ?

ನಾವು ಟ್ಯಾಂಕಿಗೆ ಹಾಕುವ ಡೀಸೆಲ್ ಅಥವಾ ಪೆಟ್ರೋಲಿನ ಶಕ್ತಿಯೆಲ್ಲವೂ ಗಾಲಿಗೆ ಸೇರುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಒದಗುತ್ತದೆ, ಒಂದು ಪಾಲು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ, ಇನ್ನೊಂದು ಪಾಲು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಸಿಲಿಂಡರಿನೊಳಗೆ ಇಂಧನ ಉರಿಯುವ ಕ್ಷಣದಲ್ಲಿ ಅಲ್ಲಿನ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎರಕದ ಕಬ್ಬಿಣ ಸುಮಾರು 1200 ಡಿಗ್ರಿಯಲ್ಲಿ ಕರಗುತ್ತದೆ. ಲೋಹಕ್ಕೆ ತಗುಲಿದ ಶಾಖವನ್ನು ಆಗಿಂದಾಗ್ಗೆ ಹೊರಗೆ ಸಾಗಿಸದಿದ್ದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು. ಇದನ್ನೇ ನಮ್ಮ ಮೇಸ್ತ್ರಿಗಳು ‘ಎಂಜಿನ್ ಸೀಜ್ ಆಯಿತು’ ಎನ್ನುವುದು.

ಹಾಗೆಂದು ಎಂಜಿನ್ನು ತಣ್ಣಗೇ ಇರಬೇಕೆಂದಲ್ಲ. ಅದಕ್ಕೂ ಒಂದು ಹದವುಂಟು. ಸಾಮಾನ್ಯವಾಗಿ ನೀರಿನ ಉಷ್ಣತೆ 80ರಿಂದ 95 ಡಿಗ್ರಿಯ ನಡುವೆ ಇದ್ದಾಗ ಇಂಧನ ಚೆನ್ನಾಗಿ ಉರಿಯುತ್ತದೆ, ಎಣ್ಣೆ ಸರಿಯಾಗಿ ಹರಿಯುತ್ತದೆ, ಸವಕಳಿ ಕಡಿಮೆ.

ಹಳೆಯ ಹಿಟ್ಟಿನ ಗಿರಣಿ ಕಂಡವರಿಗೆ ಈ ವ್ಯವಸ್ಥೆಯ ಮೂಲ ಸುಲಭವಾಗಿ ಅರ್ಥವಾಗುತ್ತದೆ. ನಿಧಾನವಾಗಿ ತಿರುಗುವ ಆ ದೊಡ್ಡ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಒಂದು ನೀರಿನ ತೊಟ್ಟಿ ಇರುತ್ತಿತ್ತು, ಎರಡು ಕೊಳವೆಗಳಿಂದ ತೊಟ್ಟಿಗೂ ಎಂಜಿನ್ನಿಗೂ ಸಂಬಂಧ. ಕಾದ ನೀರು ಹಗುರಾಗಿ ಮೇಲಿನ ಕೊಳವೆಯಿಂದ ತೊಟ್ಟಿಗೆ ಏರುತ್ತಿತ್ತು, ತಣ್ಣನೆಯ ನೀರು ಕೆಳಗಿನ ಕೊಳವೆಯಿಂದ ಎಂಜಿನ್ನಿಗೆ ಇಳಿಯುತ್ತಿತ್ತು. ಪಂಪು ಬೇಕಿರಲಿಲ್ಲ. ಅಮೆರಿಕದಲ್ಲಿ 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರುಗಳು ಬಹುಪಾಲು ನಡೆದದ್ದು ಇದೇ ತತ್ವದ ಮೇಲೆ. ಆದರೆ ಓಡುವ ಗಾಡಿಯ ಮೇಲೆ ತೊಟ್ಟಿ ಹೊತ್ತುಕೊಂಡು ಹೋಗುವಂತಿಲ್ಲ. ಸ್ವಲ್ಪ ನೀರನ್ನೇ ಮತ್ತೆ ಮತ್ತೆ ತಿರುಗಿಸಿ, ಪ್ರತಿ ಸುತ್ತಿನಲ್ಲೂ ಗಾಳಿಗೊಡ್ಡಿ ತಣಿಸಬೇಕು. ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರ್ 1900ರ ಸುಮಾರಿಗೆ ಜೇನುಹುಟ್ಟಿನಂತಹ ರೇಡಿಯೇಟರನ್ನು ರೂಪಿಸಿದ ಮೇಲೆ ಇದು ಚೆನ್ನಾಗಿ ಸಾಧ್ಯವಾಯಿತು.

ನೀರಿನ ಸುತ್ತು

ಈಗಿನ ಎಂಜಿನ್ನಿನಲ್ಲಿ ಸಿಲಿಂಡರುಗಳ ಸುತ್ತ ಮತ್ತು ಹೆಡ್ಡಿನ ಒಳಗೆ ನೀರು ಹರಿಯಲು ಟೊಳ್ಳು ದಾರಿಗಳಿರುತ್ತವೆ. ಎಂಜಿನ್ನಿನ ಬಲದಿಂದಲೇ ತಿರುಗುವ ಪಂಪು ಈ ದಾರಿಗಳಲ್ಲಿ ನೀರನ್ನು ನೂಕುತ್ತದೆ. ಕಾದ ನೀರು ಮೇಲಿನ ರಬ್ಬರ್ ಕೊಳವೆಯಿಂದ ರೇಡಿಯೇಟರಿಗೆ ಬಂದು, ಅಲ್ಲಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಇಳಿಯುತ್ತದೆ. ನಳಿಗೆಗಳ ನಡುವೆ ತೆಳುವಾದ ತಗಡಿನ ರೆಕ್ಕೆಗಳಿವೆ. ಫ್ಯಾನು ಸೆಳೆದ ಗಾಳಿ ಈ ರೆಕ್ಕೆಗಳ ನಡುವೆ ನುಸುಳಿ ಶಾಖವನ್ನು ಹೊತ್ತೊಯ್ಯುತ್ತದೆ. ತಣಿದ ನೀರು ಕೆಳಗಿನ ಕೊಳವೆಯಿಂದ ಪಂಪಿಗೆ ಮರಳುತ್ತದೆ.

ಎಂಜಿನ್ನಿನಿಂದ ನೀರು ಹೊರಬರುವ ಬಾಯಿಯಲ್ಲಿ ಥರ್ಮೋಸ್ಟಾಟ್ ಎಂಬ ಚಿಕ್ಕ ಬಾಗಿಲಿದೆ. ಇದರೊಳಗೆ ಮೇಣ ತುಂಬಿದ ಪುಟ್ಟ ಡಬ್ಬಿ. ನೀರು ಸುಮಾರು 80 ಡಿಗ್ರಿ ದಾಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ.

‘ನಮ್ಮದು ಬಿಸಿಲು ನಾಡು, ಇದೇಕೆ ಬೇಕು’ ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ಅನೇಕ ಕಡೆ ಇದೆ. ಇದು ತಪ್ಪು ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಬಾಗಿಲಿಲ್ಲದ ಎಂಜಿನ್ನು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಇಂಧನ ಹೆಚ್ಚು ಖರ್ಚಾಗುತ್ತದೆ, ಅರೆಬರೆ ಉರಿದ ಮಸಿ ಎಣ್ಣೆಗೆ ಸೇರುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಇನ್ನೂ ಒಂದು ಸಂಗತಿ ಹಲವರಿಗೆ ತಿಳಿದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಒಳಸುತ್ತಿನ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥ ಕಡೆ ಅದನ್ನು ತೆಗೆದರೆ ಅರ್ಧ ನೀರು ರೇಡಿಯೇಟರನ್ನು ಕಾಣದೆಯೇ ತಿರುಗುತ್ತದೆ, ಎಂಜಿನ್ನು ಮೊದಲಿಗಿಂತ ಹೆಚ್ಚು ಕಾಯುತ್ತದೆ. ಥರ್ಮೋಸ್ಟಾಟು ಕೆಟ್ಟಿದೆಯೆಂಬ ಸಂಶಯವಿದ್ದರೆ ಪರೀಕ್ಷೆ ಸುಲಭ. ಅದನ್ನು ಬಿಚ್ಚಿ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿರಿ. ನೀರು ಕುದಿಯುವ ಮೊದಲೇ ಬಾಗಿಲು ತೆರೆಯಬೇಕು, ಆರಿದಾಗ ಮುಚ್ಚಬೇಕು. ತೆರೆಯದಿದ್ದರೆ ಅದೇ ಗುರುತಿನ ಹೊಸದನ್ನು ಹಾಕಿಸಿರಿ.

ಮುಚ್ಚಳವೆಂದರೆ ಬರೀ ಮುಚ್ಚಳವಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಬ್ಯಾಡಗಿ ಸೀಮೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 98 ಡಿಗ್ರಿಗೇ ಕುದಿ ಬರುತ್ತದೆ. ಭಾರ ಎಳೆಯುವ ಎಂಜಿನ್ನಿಗೆ ಇದು ತೀರಾ ಇಕ್ಕಟ್ಟು. ಆದುದರಿಂದ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗಿನ ಕವಾಟವನ್ನಿಟ್ಟು ಒಳಗೆ ಒತ್ತಡ ನಿಲ್ಲುವಂತೆ ಮಾಡಿದ್ದಾರೆ. ಅಡಿಗೆಮನೆಯ ಕುಕ್ಕರಿನ ತತ್ವವೇ ಇದು. ಮುಚ್ಚಳದ ಮೇಲೆ 0.9 ಎಂದು ಮುದ್ರಿಸಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋಗ್ರಾಂ ಒತ್ತಡದವರೆಗೆ ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಒತ್ತಡ ಅದಕ್ಕಿಂತ ಏರಿದರೆ ಕವಾಟ ತೆರೆದು ಹೆಚ್ಚಿನ ನೀರು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಹೋಗುತ್ತದೆ. ಎಂಜಿನ್ನು ಆರಿದಾಗ ಮುಚ್ಚಳದ ನಡುವಿನ ಚಿಕ್ಕ ಕವಾಟ ಒಳಮುಖವಾಗಿ ತೆರೆದು ಆ ನೀರನ್ನು ಮರಳಿ ಎಳೆದುಕೊಳ್ಳುತ್ತದೆ. ಹಲವು ಹೊಸ ಕಾರುಗಳಲ್ಲಿ ಈ ಡಬ್ಬಿಯೇ ಒತ್ತಡದಲ್ಲಿರುತ್ತದೆ, ಅದರ ಮುಚ್ಚಳಕ್ಕೂ ಇಲ್ಲಿ ಹೇಳಿದ ಎಚ್ಚರಿಕೆಯೇ ಅನ್ವಯ.

ಎಂಜಿನ್ನು ಕಾದಿರುವಾಗ ಮುಚ್ಚಳ ತೆಗೆದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಳಗೆ 10 ಲೀಟರ್ ನೀರು 110 ಡಿಗ್ರಿಯಲ್ಲಿದೆ ಎಂದುಕೊಳ್ಳಿರಿ. ಒತ್ತಡದಿಂದಾಗಿ ಅದು ಕುದಿಯುತ್ತಿಲ್ಲ, ಮೇಲ್ನೋಟಕ್ಕೆ ಶಾಂತವಾಗಿದೆ. ಮುಚ್ಚಳ ತಿರುಗಿಸಿದೊಡನೆ ಒತ್ತಡ ಬಿದ್ದುಹೋಗುತ್ತದೆ. ನಮ್ಮೂರಿನಲ್ಲಿ 98 ಡಿಗ್ರಿಗಿಂತ ಮೇಲಿನ ಶಾಖವೆಲ್ಲ ಒಮ್ಮೆಲೇ ಹಬೆಯಾಗಿ ತಿರುಗುತ್ತದೆ. ಹೀಗೆ ಹಬೆಯಾಗುವ ನೀರು ಸುಮಾರು 200 ಗ್ರಾಂ, ಅಂದರೆ ಒಂದು ಲೋಟ ಅಷ್ಟೇ. ಆದರೆ ನೀರು ಹಬೆಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚುತ್ತದೆ. ಆ ಒಂದು ಲೋಟ ನೀರು 300 ಲೀಟರಿಗೂ ಮೀರಿದ ಹಬೆಯಾಗಿ, ಎರಡು ಬೆರಳಗಲದ ಬಾಯಿಯಿಂದ, ತನ್ನ ದಾರಿಗೆ ಅಡ್ಡವಿದ್ದ ಕುದಿನೀರನ್ನೆಲ್ಲ ಹೊತ್ತುಕೊಂಡು ಮೇಲೆ ಹಾರುತ್ತದೆ. ಬಾಗಿ ನೋಡುತ್ತಿರುವವನ ಮುಖ ಇರುವುದು ಅಲ್ಲಿಯೇ. ಟವೆಲು ಕೈಗೆ ಮಾತ್ರ ಸುತ್ತಿರುತ್ತದೆ, ಒದ್ದೆಯಾದ ಮೇಲೆ ಅದೂ ಸುಡುತ್ತದೆ.

ಎಂಜಿನ್ನು ಆರಲು ಕನಿಷ್ಠ ಅರ್ಧ ಗಂಟೆ, ದೊಡ್ಡ ಎಂಜಿನ್ನಾದರೆ ಮುಕ್ಕಾಲು ಗಂಟೆ ಕಾಯಲೇಬೇಕು. ಗಡಿಯಾರಕ್ಕಿಂತ ಒಳ್ಳೆಯ ಪರೀಕ್ಷೆ ಮೇಲಿನ ರಬ್ಬರ್ ಕೊಳವೆ. ಎಂಜಿನ್ನು ನಿಂತಿರುವಾಗ ದಪ್ಪ ಬಟ್ಟೆ ಹಿಡಿದು ಕೊಳವೆಯನ್ನು ಹಿಚುಕಿ ನೋಡಿರಿ. ಕಲ್ಲಿನಂತೆ ಬಿಗಿಯಾಗಿದ್ದರೆ ಒಳಗೆ ಒತ್ತಡವಿದೆ, ಮುಟ್ಟಬೇಡಿರಿ. ಕೊಳವೆ ಮೆತ್ತಗಾಗಿ, ರೇಡಿಯೇಟರಿನ ಮೇಲೆ ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆಯೇ ಮುಖವನ್ನು ಪಕ್ಕಕ್ಕಿಟ್ಟು, ದಪ್ಪ ಬಟ್ಟೆ ಹಾಕಿ, ಮುಚ್ಚಳವನ್ನು ಮೊದಲನೆಯ ತಡೆಯವರೆಗೆ ಮಾತ್ರ ತಿರುಗಿಸಿರಿ. ಸುಯ್ಯೆಂಬ ಸದ್ದು ಪೂರ್ತಿ ನಿಂತ ಮೇಲೆ ಒತ್ತಿ ತೆಗೆಯಿರಿ. ಸಂತೆಗೆ ತಡವಾಯಿತೆಂಬ ಕಾರಣ ಈ ವಿಷಯದಲ್ಲಿ ನಡೆಯುವುದಿಲ್ಲ.

ಯಾರಿಗಾದರೂ ಕುದಿನೀರು ತಗುಲಿದ್ದೇ ಆದರೆ ಸುಟ್ಟ ಭಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಉಂಗುರ, ಬಳೆ, ಕೈಗಡಿಯಾರಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಅರಿಶಿನ, ಮಸಿ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಯಾವುದನ್ನೂ ಹಚ್ಚಕೂಡದು. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ತೆರೆದು ಶುದ್ಧ ನೀರಿನಿಂದ ಅಷ್ಟೇ ಹೊತ್ತು ತೊಳೆಯುತ್ತಿರಬೇಕು. ಶುಭ್ರವಾದ ಬಟ್ಟೆ ಹೊದಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ 108ಕ್ಕೆ ಕರೆ ಮಾಡಲು ಹಿಂದೆಮುಂದೆ ನೋಡಬೇಡಿರಿ.

ನೀರು ಏಕೆ ಕಡಿಮೆಯಾಗುತ್ತದೆ?

‘ನಮ್ಮ ಟ್ರ್ಯಾಕ್ಟರು ದಿನಕ್ಕೆ ಎರಡು ಲೀಟರ್ ನೀರು ಕುಡಿಯುತ್ತದೆ’ ಎಂದು ಕೆಲವು ರೈತರು ಎತ್ತಿನ ಮಾತಾಡಿದಂತೆ ಹೇಳುತ್ತಾರೆ. ಟ್ರ್ಯಾಕ್ಟರು ನೀರು ಕುಡಿಯುವುದಿಲ್ಲ. ತಂಪುಗೊಳಿಸುವ ವ್ಯವಸ್ಥೆ ಸುತ್ತಲೂ ಮುಚ್ಚಿದ ವ್ಯವಸ್ಥೆ. ಅದರೊಳಗಿನ ನೀರು ಡೀಸೆಲಿನಂತೆ ಖರ್ಚಾಗುವ ವಸ್ತುವಲ್ಲ. ತಿಂಗಳುಗಟ್ಟಲೆ ಓಡಿದರೂ ಮಟ್ಟ ಹೆಚ್ಚು ಇಳಿಯಬಾರದು. ದಿನವೂ ಇಳಿಯುತ್ತಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ. ಅದನ್ನು ಹುಡುಕದೆ ದಿನವೂ ತುಂಬುತ್ತ ಹೋಗುವುದು ಒಡೆದ ಬದುವಿಗೆ ನೀರು ಹಾಯಿಸಿದಂತೆ.

ಮೊದಲು ಮುಚ್ಚಳವನ್ನೇ ನೋಡಿರಿ. ಅದರ ರಬ್ಬರು ಸೀಳಿದ್ದರೆ ಅಥವಾ ಸ್ಪ್ರಿಂಗು ಸೋತಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹಬೆಯಾಗಿ ಹೋಗುತ್ತದೆ. ಮುಚ್ಚಳ ಕಳೆದುಹೋಯಿತೆಂದು ಬಾಯಿಗೆ ಬಟ್ಟೆ ತುರುಕಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಓಡಾಡುವ ಗಾಡಿಗಳೂ ಉಂಟು. ಅಂತಹ ಎಂಜಿನ್ನು ಭಾರ ಬಿದ್ದಾಗ ಕುದಿಯದಿದ್ದರೇ ಆಶ್ಚರ್ಯ. ಬದಲಿ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿ ನೋಡಿ ಅದೇ ಒತ್ತಡದ್ದನ್ನೇ ಕೊಳ್ಳಬೇಕು. ಹೆಚ್ಚು ಒತ್ತಡದ್ದು ಹಾಕಿದರೆ ಕೊಳವೆ, ರೇಡಿಯೇಟರು ಸೀಳುವ ಅಪಾಯವಿದೆ.

ಬಳಿಕ ಕೊಳವೆಗಳ ಸಂದು, ಪಂಪಿನ ಕೆಳಗಿನ ಸಣ್ಣ ರಂಧ್ರ, ರೇಡಿಯೇಟರಿನ ಅಂಚುಗಳನ್ನು ಎಂಜಿನ್ನು ತಣ್ಣಗಿರುವಾಗ ಪರೀಕ್ಷಿಸಿರಿ. ಸೋರಿದ ಕಡೆ ಬಿಳಿಯ ಅಥವಾ ಬಣ್ಣದ ಕಲೆ ಒಣಗಿ ನಿಂತಿರುತ್ತದೆ. ರಬ್ಬರ್ ಕೊಳವೆ ಬಿರಿದು ಗೀರು ಬಿದ್ದಿದ್ದರೆ ಅಥವಾ ಹಿಚುಕಿದಾಗ ಕೆಸರಿನಂತೆ ಮೆತ್ತಗಿದ್ದರೆ ಸುಗ್ಗಿಗೆ ಮುಂಚೆಯೇ ಬದಲಿಸಿರಿ. ಹೊರಗೆಲ್ಲೂ ಸೋರಿಕೆ ಕಾಣದೆ ನೀರು ಇಳಿಯುತ್ತಿದ್ದರೆ ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿರಿ. ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ, ಹೊಗೆ ಬೆಳ್ಳಗೆ ದಟ್ಟವಾಗಿ ಬರುತ್ತಿದ್ದರೆ, ಅಥವಾ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆಯೆಂದು ತಿಳಿಯಬೇಕು. ಅಂತಹ ಎಂಜಿನ್ನನ್ನು ಮತ್ತೆ ಓಡಿಸದೆ ನುರಿತ ಮೇಸ್ತ್ರಿಗೆ ತೋರಿಸಿರಿ.

ಕೊಳವೆ ಬಾವಿಯ ನೀರು ಮತ್ತು ಸುಣ್ಣ

ಸ್ನಾನದ ಹಂಡೆಯ ಒಳಗೆ ಬೆಳ್ಳನೆಯ ಹೆಕ್ಕಳೆ ಕಟ್ಟುವುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿ ತಿಳಿಯಬಹುದು. ನಮ್ಮ ಬಯಲುಸೀಮೆಯ ಎಷ್ಟೋ ಕೊಳವೆ ಬಾವಿಗಳ ನೀರು ಗಡುಸು, ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ. ಕಾಯಿಸಿದಾಗ ಆ ನೀರಿನ ಸುಣ್ಣದಂಶ ಕಲ್ಲಾಗಿ ಪಾತ್ರೆಗೆ ಅಂಟುತ್ತದೆ. ಹಂಡೆಯಲ್ಲಿ ಆಗುವುದೇ ಎಂಜಿನ್ನಿನಲ್ಲೂ ಆಗುತ್ತದೆ. ಹಂಡೆಯನ್ನು ಕೆರೆಯಬಹುದು, ಎಂಜಿನ್ನಿನ ಒಳದಾರಿಗೆ ಕೈ ಹೋಗುವುದಿಲ್ಲ.

ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ನೀರನ್ನು ದಿನಕ್ಕೆ 2 ಲೀಟರಿನಂತೆ ತುಂಬುತ್ತಿದ್ದೀರಿ, ಅದು ಹಬೆಯಾಗಿಯೇ ಹೋಗುತ್ತಿದೆ ಎಂದಿಟ್ಟುಕೊಳ್ಳಿರಿ. ಹಬೆಯ ಜೊತೆಗೆ ಸುಣ್ಣ ಹಾರಿಹೋಗುವುದಿಲ್ಲ. ದಿನಕ್ಕೆ 1 ಗ್ರಾಂನಂತೆ 200 ದಿನಕ್ಕೆ 200 ಗ್ರಾಂನಷ್ಟು ಸುಣ್ಣದಂಶ ಒಳಗೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಬೇರೆ ನೀರು ಸಿಗದ ಕಡೆ 600 ಮಿಲಿಗ್ರಾಂ ಗಡಸುತನದವರೆಗೆ ಒಪ್ಪಬಹುದು. ಅಂದರೆ ಮನುಷ್ಯರು ಕುಡಿಯಬಹುದಾದ ನೀರೂ ರೇಡಿಯೇಟರಿಗೆ ಹಿತವಲ್ಲ. ಸುಣ್ಣದ ಈ ಪದರ ಶಾಖವನ್ನು ಸಾಗಿಸುವುದು ಎರಕದ ಕಬ್ಬಿಣ ಸಾಗಿಸುವುದರ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ. ಕಾಗದದಷ್ಟು ತೆಳುವಾಗಿದ್ದರೂ ಅದು ಲೋಹಕ್ಕೂ ನೀರಿಗೂ ನಡುವೆ ಕಂಬಳಿ ಹೊದಿಸಿದಂತೆ. ರೇಡಿಯೇಟರಿನ ನಳಿಗೆಗಳಂತೂ ಅದರಿಂದ ಕಟ್ಟಿಯೇ ಹೋಗುತ್ತವೆ.

ಇದಕ್ಕೆ ತಕ್ಕ ಉಪಾಯವೆಂದರೆ ಎಂಜಿನ್ ತಯಾರಕರು ಹೇಳಿದ ಕೂಲಂಟನ್ನು ಬಳಸುವುದು. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟು ಏಕೆ’ ಎಂಬ ಪ್ರಶ್ನೆ ಸಹಜ. ಹಿಮಗಟ್ಟದಂತೆ ಕಾಯುವುದು ಅದರ ಒಂದು ಗುಣ ಮಾತ್ರ. ಅದರಲ್ಲಿರುವ ಗ್ಲೈಕಾಲ್ ದ್ರವ ನೀರಿನ ಕುದಿಯುವ ಉಷ್ಣತೆಯನ್ನು ಏರಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಒತ್ತಡವಿಲ್ಲದೆಯೂ 106 ಡಿಗ್ರಿಯವರೆಗೆ ಕುದಿಯದು. ಜೊತೆಗೆ ಬೆರೆಸಿದ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ನಮಗೆ ಬೇಕಾದುದು ಈ ಎರಡನೆಯ ಮತ್ತು ಮೂರನೆಯ ಗುಣ. ಕೂಲಂಟು ಎರಡು ಬಗೆಯಲ್ಲಿ ಬರುತ್ತದೆ. ನೇರವಾಗಿ ಸುರಿಯುವಂಥದು ಒಂದು, ನೀರು ಬೆರೆಸಿಕೊಳ್ಳಬೇಕಾದ ಗಟ್ಟಿ ದ್ರವ ಇನ್ನೊಂದು. ಡಬ್ಬಿಯ ಮೇಲಿನ ಸೂಚನೆಯನ್ನು ಓದದೆ ಸುರಿಯಬೇಡಿರಿ. ಬೆರೆಸಲು ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರೇ ಆಗಬೇಕು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಜಾತಿ ನಿರ್ಧರಿಸುವಂತಿಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು ಬಣ್ಣ. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಂದುತ್ತದೆ. ಹಳೆಯ ಬಗೆಯದನ್ನು ಸುಮಾರು ಎರಡು ವರ್ಷಕ್ಕೊಮ್ಮೆ, ದೀರ್ಘ ಬಾಳಿಕೆಯದನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ದಾರಿಯಲ್ಲಿ ಕೂಲಂಟು ಸಿಗದೆ ಬರೀ ನೀರು ಹಾಕಬೇಕಾಗಿ ಬಂದರೆ ಹಾಕಿರಿ, ಎಂಜಿನ್ನು ಉಳಿಯುವುದು ಮುಖ್ಯ. ಛಾವಣಿಯಿಂದ ಹಿಡಿದಿಟ್ಟ ಸ್ವಚ್ಛ ಮಳೆನೀರು ಇದ್ದರೆ ಕೊಳವೆ ಬಾವಿಯ ನೀರಿಗಿಂತ ಎಷ್ಟೋ ಮೇಲು. ಊರು ಮುಟ್ಟಿದ ಮೇಲೆ ಅದನ್ನು ತೆಗೆಸಿ ಸರಿಯಾದ ಕೂಲಂಟು ತುಂಬಿಸಿರಿ.

ಒಂದು ಎಚ್ಚರಿಕೆಯ ಮಾತು. ರೇಡಿಯೇಟರನ್ನು ತೊಳೆಯಲು ವಾಷಿಂಗ್ ಸೋಡಾ ಬಳಸಿರೆಂದು ಹಳೆಯ ಪುಸ್ತಕಗಳಲ್ಲಿ ಓದಿದವರಿರಬಹುದು. ತಾಮ್ರ, ಹಿತ್ತಾಳೆಯ ರೇಡಿಯೇಟರುಗಳ ಕಾಲಕ್ಕೆ ಅದು ಸರಿಯಾಗಿತ್ತು. ಈಗಿನ ಕಾರುಗಳಲ್ಲಿರುವುದು ಅಲ್ಯೂಮಿನಿಯಂ. ಸೋಡಾ, ಕಾಸ್ಟಿಕ್ಕು, ಪಾಯಿಖಾನೆ ತೊಳೆಯುವ ಆಸಿಡ್ಡು ಇವೆಲ್ಲವೂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತವೆ.

ಹೊಟ್ಟು, ರವದಿ, ಮೆಣಸಿನಕಾಯಿ ಧೂಳು

ಒಳಗಿನ ಶತ್ರು ಸುಣ್ಣವಾದರೆ ಹೊರಗಿನ ಶತ್ರು ಹೊಟ್ಟು. ಟ್ರ್ಯಾಕ್ಟರು ಕುದಿಯುವ ಪ್ರಸಂಗಗಳಲ್ಲಿ ಇದೇ ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ. ಮೆಕ್ಕೆಜೋಳ ಒಕ್ಕುವಾಗ ಟ್ರ್ಯಾಕ್ಟರು ಒಂದೇ ಕಡೆ ನಿಂತು ಗಂಟೆಗಟ್ಟಲೆ ಒಕ್ಕುವ ಯಂತ್ರವನ್ನು ತಿರುಗಿಸುತ್ತಿರುತ್ತದೆ. ಮುಂದೆ ಸಾಗುವ ಗಾಡಿಗೆ ಎದುರುಗಾಳಿಯ ಸಹಾಯವಿದೆ, ಇಲ್ಲಿ ಅದಿಲ್ಲ. ಗಾಳಿಗೆಲ್ಲ ಫ್ಯಾನೇ ದಿಕ್ಕು. ಆ ಫ್ಯಾನು ಗಾಳಿಯ ಜೊತೆಗೆ ಹಾರುವ ಸಿಪ್ಪೆ, ರವದಿಯನ್ನೂ ಸೆಳೆದು ರೇಡಿಯೇಟರಿನ ಮುಖಕ್ಕೆ ಮೆತ್ತುತ್ತದೆ. ಎರಡು ಗಂಟೆಯಲ್ಲಿ ಚಾಪೆ ಹೊದಿಸಿದಂತಾಗುತ್ತದೆ. ನೀರು ತುಂಬಿದ್ದೂ, ಪಂಪು ಸರಿಯಿದ್ದೂ ಎಂಜಿನ್ನು ಕುದಿಯುವುದು ಹೀಗೆ.

ಕಣದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸುವಾಗ ಗಾಳಿಯ ದಿಕ್ಕು ನೋಡಿ, ಹೊಟ್ಟು ಮುಂದಕ್ಕೆ ಹಾರದಂತೆ ನಿಲ್ಲಿಸಿರಿ. ರೇಡಿಯೇಟರಿನ ಮುಂದಿನ ಜಾಲರಿಯನ್ನು ಒಂದೆರಡು ಗಂಟೆಗೊಮ್ಮೆ ಎಂಜಿನ್ನು ನಿಲ್ಲಿಸಿ ಕೊಡವಿರಿ. ಸಂಜೆ, ಎಂಜಿನ್ನು ಆರಿದ ಮೇಲೆ, ರೆಕ್ಕೆಗಳ ನಡುವಿನ ಕಸವನ್ನು ಫ್ಯಾನಿನ ಕಡೆಯಿಂದ ಹೊರಮುಖವಾಗಿ ಗಾಳಿ ಅಥವಾ ಸಾಧಾರಣ ರಭಸದ ನೀರು ಬಿಟ್ಟು ತೆಗೆಯಬೇಕು. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಸೇರುತ್ತದೆ. ಗಾಡಿ ತೊಳೆಯುವ ಅಂಗಡಿಯ ಜೋರಾದ ಪಿಚಕಾರಿಯನ್ನು ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ತಂತಿ, ಸೂಜಿಯಿಂದ ಕೆದಕಬೇಡಿರಿ. ಮೆಣಸಿನಕಾಯಿ ಸಾಗಿಸಿದ ಗಾಡಿಗೆ ಗಾಳಿ ಹೊಡೆಯುವಾಗ ಮೂಗು, ಕಣ್ಣಿಗೆ ಕಟ್ಟಿಕೊಳ್ಳುವುದನ್ನು ಹೇಳಿಕೊಡಬೇಕಾಗಿಲ್ಲ. ಒಮ್ಮೆ ಮರೆತವರು ಎರಡನೆಯ ಸಲ ಮರೆಯುವುದಿಲ್ಲ.

ಫ್ಯಾನಿನ ಪಟ್ಟಿಯನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಾಗಬೇಕು. ಸಡಿಲವಾದರೆ ಫ್ಯಾನೂ ಪಂಪೂ ಜಾರುತ್ತವೆ, ತೀರಾ ಬಿಗಿಯಾದರೆ ಪಂಪಿನ ಬೇರಿಂಗು ಹಾಳಾಗುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನಲ್ಲೂ ಫ್ಯಾನು ತಿರುಗುತ್ತಿದ್ದುದು ಪಟ್ಟಿಯಿಂದಲೇ. ಈಗಿನ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ, ಅದನ್ನು ಶಾಖ ನೋಡಿ ಯಂತ್ರವೇ ಚಾಲೂ ಮಾಡುತ್ತದೆ. ಎಂಜಿನ್ನು ನಿಲ್ಲಿಸಿ ಕೀಲಿ ತೆಗೆದ ಮೇಲೂ ಫಕ್ಕನೆ ತಿರುಗುವುದುಂಟು. ಬಾನೆಟ್ಟು ಎತ್ತಿ ಬಾಗುವವರ ಧೋತರದ ಚುಂಗು, ಸೆರಗು, ಹೆಗಲ ಮೇಲಿನ ಟವೆಲು ಅದಕ್ಕೆ ಸಿಕ್ಕದಂತೆ ನೋಡಿಕೊಳ್ಳಬೇಕು.

ದಾರಿಯಲ್ಲಿ ಕುದಿದರೆ

ಮುಳ್ಳು ಕೆಂಪಿನ ಕಡೆ ಏರುತ್ತಿರುವುದನ್ನು ಕಂಡಾಗಲೇ ವೇಗ ತಗ್ಗಿಸಿ, ಕಾರಿನ ತಂಪು ಯಂತ್ರ ನಿಲ್ಲಿಸಿರಿ. ಹೀಟರು ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿರಿ. ಒಳಗೆ ಕೂತವರಿಗೆ ಬೆವರು ಹರಿದರೂ ಎಂಜಿನ್ನಿನ ಶಾಖ ಅಷ್ಟು ಕಡಿಮೆಯಾಗುತ್ತದೆ. ಈಗಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳಿಲ್ಲ, ದೀಪ ಮಾತ್ರ. ನೀಲಿ ದೀಪ ಎಂಜಿನ್ನು ಇನ್ನೂ ತಣ್ಣಗಿದೆಯೆಂಬುದಕ್ಕೆ, ಕೆಂಪು ದೀಪ ಅತಿಯಾಗಿ ಕಾದಿದೆಯೆಂಬುದಕ್ಕೆ ಗುರುತು. ಕೆಂಪು ಹತ್ತಿದರೆ ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ನು ಆರಿಸಿರಿ, ಮುಂದಿನ ಊರು ಹತ್ತಿರವೆಂದು ಓಡಿಸಬೇಡಿರಿ. ಒಕ್ಕಣೆಯಲ್ಲಿರುವ ಟ್ರ್ಯಾಕ್ಟರಿನ ಮುಳ್ಳು ಸ್ವಲ್ಪ ಏರಿದ್ದರೆ ಭಾರ ಬಿಡಿಸಿ ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಗೊಟ್ಟರೆ ನೀರು ತಿರುಗಿ ತಣಿಯುತ್ತದೆ. ಪಟ್ಟಿ ಹರಿದಿದ್ದರೆ ಅಥವಾ ನೀರು ಸುರಿದು ಹೋಗಿದ್ದರೆ ಮಾತ್ರ ತಕ್ಷಣ ನಿಲ್ಲಿಸಬೇಕು.

ಇಲ್ಲೊಂದು ಮೋಸವಿದೆ. ನೀರು ಪೂರ್ತಿ ಸೋರಿಹೋದಾಗ ಉಷ್ಣತೆ ಅಳೆಯುವ ಬಿಂದುವಿಗೆ ನೀರೇ ತಾಕುವುದಿಲ್ಲ, ಮುಳ್ಳು ಕೆಳಗೆ ಇಳಿಯಬಹುದು. ಏರಿದ ಮುಳ್ಳು ಕಾರಣವಿಲ್ಲದೆ ತಟ್ಟನೆ ಬಿದ್ದರೆ ಎಂಜಿನ್ನು ತಣಿಯಿತೆಂದು ಸಮಾಧಾನಪಡದೆ ಆಗಲೇ ನಿಲ್ಲಿಸಿ ನೋಡಿರಿ.

ಕಾದ ಎಂಜಿನ್ನಿನ ಮೇಲೆ ಕೊಡ ನೀರು ಸುರಿಯುವುದಾಗಲಿ, ಒಳಗೆ ತಣ್ಣೀರು ತುಂಬುವುದಾಗಲಿ ಕೂಡದು. ಕಾದ ಎರಕದ ಹೆಡ್ಡು ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ. ಪೂರ್ತಿ ಆರಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ, ಗಾಳಿ ಹೊರಬರಲು ಬಿಡುವು ಕೊಟ್ಟು ತುಂಬಿರಿ.

ಕೂಲಂಟಿನ ಬಗ್ಗೆ ಇನ್ನೊಂದು ವಿಷಯ ಹೇಳುವುದು ಉಳಿದಿದೆ. ಹೆಚ್ಚಿನ ಕೂಲಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಕರು, ಮಕ್ಕಳು ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಅಪಾಯ. ತೆಗೆದ ಹಳೆಯ ಕೂಲಂಟನ್ನು ಅಂಗಳಕ್ಕೆ, ದನ ನೀರು ಕುಡಿಯುವ ಕಡೆಗೆ, ಕಾಲುವೆಗೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಿರಿ. ಉಳಿದ ಹೊಸ ಕೂಲಂಟನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಬಿಡಬೇಕು. ಕೆಂಪು ಅಥವಾ ಹಸಿರು ಬಣ್ಣದ, ಸಿಹಿಯಾದ ದ್ರವ ಬಾಟಲಿಯಲ್ಲಿ ಕಂಡರೆ ಮಗು ಕುಡಿಯದೆ ಬಿಟ್ಟೀತೇ? ಅದರ ಡಬ್ಬಿಯಲ್ಲೇ ಇಟ್ಟು, ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೆ ಇಡಿರಿ. ಯಾರಾದರೂ ಕುಡಿದರೆಂದು ಸಂಶಯ ಬಂದರೂ ಸಾಕು, ಲಕ್ಷಣ ಕಾಣಲೆಂದು ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.